ಹಕ್ಕರಿಕಿ ಉಳಿದ ಹಿತ್ತಲು

ಅಮರಮ್ಮ ದೇವದುರ್ಗದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ನಾನು ಅಲ್ಲಿ ವೈದ್ಯೆಯಾಗಿದ್ದ ವರ್ಷಗಳಲ್ಲಿ ಅವಳಷ್ಟು ಗಟ್ಟಿ ಕೈಯ ಇನ್ನೊಬ್ಬ ನರ್ಸನ್ನು ಕಾಣಲಿಲ್ಲ. ಮಾನ್ವಿ ತಾಲ್ಲೂಕಿನ ಮಲ್ಲಟದವಳು. ತಾಯಿ ಬಾಲಮ್ಮ ಬೇರೆಯವರ ಹೊಲಗಳಲ್ಲಿ ಕಳೆ ತೆಗೆದು ಮಗಳನ್ನು ರಾಯಚೂರಿನಲ್ಲಿ ಓದಿಸಿದ್ದಳು. ಇದರಲ್ಲಿ ಕಣ್ಣೀರು ಹಾಕುವಂಥದ್ದೇನಿಲ್ಲ. ನಮ್ಮ ಕಡೆ ಆಗ ಓದಿದವರಲ್ಲಿ ಅನೇಕರ ತಾಯಂದಿರು ಹಾಗೆಯೇ ದುಡಿದರು.

೧೯೭೯ರಲ್ಲಿ ಅಮರಮ್ಮನಿಗೆ ಆಸ್ಪತ್ರೆಯ ಹಿಂದೆ ಕ್ವಾರ್ಟರ್ಸ್ ಸಿಕ್ಕಿತು. ಎರಡು ಕೋಣೆ, ಹಿಂದೆ ಜಾಲಿಮುಳ್ಳಿನ ಬೇಲಿ ಹಾಕಿದ ಹಿತ್ತಲು. ಮಳೆಗಾಲ ಮುಗಿಯುತ್ತಿದ್ದಂತೆ ಅವಳು ತಾಯಿಯನ್ನು ಕರೆತಂದಳು. ಬಾಲಮ್ಮ ಬಂದಳು, ಆದರೆ ಉಳಿಯಲು ಬಂದಿರಲಿಲ್ಲ.

"ನಿನ್ನ ಕುರ್ಪಿ ಎಲ್ಲಿ ಬೇ?" ಮಗಳು ಕೇಳಿದಳು. ಕಳೆ ತೆಗೆಯುವ ಆ ಕುರ್ಪಿಯನ್ನು ಬಾಲಮ್ಮ ಎಲ್ಲಿಗೆ ಹೋದರೂ ಸೊಂಟಕ್ಕೆ ಸಿಗಿಸಿಕೊಂಡೇ ಹೋಗುತ್ತಿದ್ದಳು.

"ಮಲ್ಲಟದಾಗ ಅದ. ಹೊಳ್ಳಿ ಹೋಗಾಕಿಗೆ ಅದು ಇಲ್ಲ್ಯಾಕ ಬೇಕು? ದೀವಳಿಗಿ ಮುಗೀಲಿ, ಜ್ವಾಳದ ಹೊಲದಾಗ ಕಸ ಎದ್ದಿರ್ತದ, ನಾ ಹೊಂಟೆ."

"ಈ ವಯಸ್ಸಿನ್ಯಾಗ ಇನ್ನೇನು ಕೂಲಿ? ಸುಮ್ನ ಕುಂತು ಉಣ್ಣು."

"ಕುಂತು ಉಣ್ಣಾಕ ನಾ ಏನ್ ಬಾಣಂತೇನ?"

ಬಾಲಮ್ಮನ ಮೊಣಕಾಲುಗಳು ಊದಿದ್ದವು. ಇನ್ನೊಂದು ಹಂಗಾಮು ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತರೆ ಎದ್ದು ನಡೆಯುವುದು ಕಷ್ಟವೆಂದು ನಾನೇ ಹೇಳಿದ್ದೆ. ಉಪದೇಶಕ್ಕೆ ನಿಲ್ಲುವ ತಾಯಿಯಲ್ಲ, ಕೆಲಸ ಕೊಟ್ಟರೆ ನಿಂತಾಳು ಎಂದು ಅಮರಮ್ಮ ತೀರ್ಮಾನಿಸಿದಳು. ಹಿತ್ತಲಾದರೆ ಮಣೆ ಹಾಕಿಕೊಂಡು ನೆರಳಲ್ಲಿ ಕೂರಬಹುದು. ತರಕಾರಿ ತೋಟದ ಯೋಜನೆ ಹುಟ್ಟಿದ್ದು ಹೀಗೆ.

ಯೋಜನೆ ಹಾಕುವುದರಲ್ಲಿ ಅವಳಿಗೆ ಅನುಮಾನವೆಂಬುದಿರಲಿಲ್ಲ. ಎರೆಮಣ್ಣು ನೀರು ಹಿಡಿದು ಬೇರು ಕೊಳೆಸುತ್ತದೆಂದು ಕೆಮ್ಮಣ್ಣು ತರಿಸಿ ಬೆರೆಸಿದಳು, ಮಡಿಗಳನ್ನು ಎತ್ತರಿಸಿದಳು. ಒಂದು ಬಾಳೆ ನೆಟ್ಟು, ಬಚ್ಚಲ ನೀರಿಗೆ ಕಾಲುವೆ ತೆಗೆದು ಅದರ ಬುಡಕ್ಕೆ ಹರಿಸಿದಳು. ಬೇಲಿಗೆ ಹೀರೆ, ಅವರೆ. ಅಂಚಿಗೆ ಬದನೆ, ಮೆಣಸಿನ ಗಿಡ. ನಡುವಿನ ಒಳ್ಳೆಯ ಮಡಿಗಳಿಗೆ ರಾಯಚೂರಿನಿಂದ ಬೀಟ್ರೂಟ್ ಮತ್ತು ಕೋಸಿನ ಬೀಜ ತಂದಳು. ತಾಯಿ ಜನ್ಮವೆಲ್ಲ ಕಂಡ ಬೆಳೆ ಇಲ್ಲಿ ಮತ್ತೆ ಕಾಣಬಾರದೆಂಬುದು ಅವಳ ಹಟ.

ಗೂಟ ನೆಟ್ಟು ದಾರ ಎಳೆಯುತ್ತಿದ್ದಾಗ ಪಕ್ಕದ ಮನೆಯ ಕಾಂಪೌಂಡರ್ ಅಲ್ಲಾಬಕ್ಷ್ ಬೇಲಿಯಾಚೆಯಿಂದ ಇಣುಕಿದ.

"ಅಮರಮ್ಮಾರೆ, ಬಿತ್ತಾಕತ್ತೀರೋ, ಆಪರೇಷನ್ ಮಾಡಾಕತ್ತೀರೋ? ಹೊಲಿಗಿ ಯಾವಾಗ ಹಾಕ್ತೀರಿ?"

"ನಿಮ್ಮ ಬಾಯಿಗೆ ಹಾಕ್ತೀನಿ, ಇರ್ರಿ."

ಬೀಜ ಮೊಳೆತವು. ಅಷ್ಟರಲ್ಲಿ ಹಳ್ಳಿಗಳಲ್ಲಿ ಲಸಿಕೆ ಹಾಕುವ ಕೆಲಸ ಬಂದು ಅಮರಮ್ಮ ಕೆಲವು ದಿನ ಹೊರಗೆ ಹೋದಳು. ಸಂಜೆಯ ಬೆಳಕಿರುವಾಗಲೇ ಹಿಂತಿರುಗಿ ನೇರ ಅಡುಗೆಮನೆಯ ಹಿಂಬಾಗಿಲಿಗೆ ಹೋಗಿ ಹಿತ್ತಲು ನೋಡಿದಳು. ನಡುವಿನ ಮಡಿಗಳಲ್ಲಿ ಒಂದೂ ಬೀಟ್ರೂಟ್ ಇರಲಿಲ್ಲ, ಒಂದೂ ಕೋಸಿನ ಸಸಿ ಇರಲಿಲ್ಲ. ಮಣ್ಣು ಸಡಿಲಗೊಂಡು ಚೊಕ್ಕಟವಾಗಿತ್ತು. ತಾನಾಗಿ ಹುಟ್ಟಿದ ಹಕ್ಕರಿಕಿ ಮತ್ತು ಗೋಳಿ ಸೊಪ್ಪು ಮಾತ್ರ ನಳನಳಿಸುತ್ತಿದ್ದವು.

ನಡೆದದ್ದೇನೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ನಮ್ಮ ಕಡೆ ಕಳೆ ತೆಗೆಯುವ ಹೆಂಗಸರು ಹೊಲದಲ್ಲಿ ಬೆಳೆಯಲ್ಲದ್ದನ್ನೆಲ್ಲ ಕಿತ್ತೆಸೆಯುತ್ತಾರೆ, ತಿನ್ನುವ ಸೊಪ್ಪನ್ನು ಮಾತ್ರ ಬಿಡುತ್ತಾರೆ. ಅದು ಅವರ ಪಾಲು. ಸಂಜೆ ಸೀರೆಯ ಉಡಿಯಲ್ಲಿ ತುಂಬಿಕೊಂಡು ಒಯ್ಯುತ್ತಾರೆ. ಅಲ್ಲಾಬಕ್ಷನಿಂದ ಕುರ್ಪಿ ಕೇಳಿ ತಂದು, ಕಣ್ಣಿಗೆ ಗುರುತಿಲ್ಲದ ಬೀಟ್ರೂಟ್, ಕೋಸಿನ ಸಸಿಗಳನ್ನೆಲ್ಲ ಬಾಲಮ್ಮ ಕಸವೆಂದು ತೆಗೆದಿದ್ದಳು.

ಅಮರಮ್ಮ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಬಾಲಮ್ಮ ಹಿತ್ತಲ ಮೂಲೆಯಿಂದ ಎದ್ದು ಬಂದಳು. ಅಡುಗೆಮನೆಯ ಹೊಸ್ತಿಲಾಚೆಯೇ ನಿಂತು, ಉಡಿ ಬಿಚ್ಚಿ, ಒಳಗಿದ್ದ ಹಕ್ಕರಿಕಿಯನ್ನು ಮಗಳ ಮುಂದೆ ಹಿಡಿದಳು.

ಹೊಲದ ಬದುವಿನ ಮೇಲೆ ನಿಂತ ಸಾವ್ಕಾರನಿಗೆ ಕೂಲಿಯವರು ಹೊರಡುವ ಮೊದಲು, ಬೆಳೆ ಒಯ್ಯುತ್ತಿಲ್ಲವೆಂದು, ಹೀಗೆಯೇ ಉಡಿ ತೋರಿಸಬೇಕಿತ್ತು.

"ನಾ ಏನ್ ಸಾವ್ಕಾರನೇನ ಬೇ? ನನಗ್ಯಾಕ ತೋರ್ಸಾಕತ್ತಿ?"

"ಹಿತ್ತಲ ನಿಂದು. ಕಸ ತಗದಾಕಿ ನಾನು. ತೋರ್ಸಲಾರದ ಹೆಂಗ ಒಳಗ ಬರ್ಲಿ?" ಬಾಲಮ್ಮ ಇದನ್ನು ನೋವಿನಿಂದ ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು.

ಕೂಲಿಗೆ ಬಂದವಳು ಕೆಲಸ ಮುಗಿದರೆ ಊರಿಗೆ ಹೋಗುತ್ತಾಳೆ. ತನ್ನ ಯೋಜನೆಯಲ್ಲಿ ತಾಯಿಗೆ ಕೆಲಸವಿತ್ತು, ಹಿತ್ತಲು ಅವಳದಾಗಿರಲಿಲ್ಲ ಎಂಬುದು ಅಮರಮ್ಮನಿಗೆ ಅಲ್ಲೇ ತಿಳಿಯಿತು. ಬೀಟ್ರೂಟಿನ ಮಾತೆತ್ತಲಿಲ್ಲ. ಮರುದಿನ ಗೂಟಗಳನ್ನು ಕಿತ್ತು, ದಾರ ಸುತ್ತಿ ತಾಯಿಯ ಕೈಗಿಟ್ಟಳು.

"ಇವತ್ತಿಂದ ಹಿತ್ತಲ ನಿಂದು. ಏನ್ ಬೇಕಾರ ಹಾಕು, ನನ್ನ ಕೇಳಬ್ಯಾಡ."

ಬಾಲಮ್ಮ ದಾರವನ್ನು ತಿರುಗಿಸಿ ನೋಡಿದಳು. "ಮುಂದ ಹೊಳ್ಳಿ ಕೇಳಾಕಿಲ್ಲಲ್ಲ?"

"ಕೇಳಂಗಿಲ್ಲ."

"ಹಂಗಾರ ಆ ಬಾಳಿ ಮೊದ್ಲು ತಗಿ. ಬಚ್ಚಲ ನೀರೆಲ್ಲ ಅದೊಂದೇ ಕುಡದ್ರ ಉಳದವು ಏನ್ ಕುಡೀಬೇಕು?"

ಬಾಳೆ ಹೋಯಿತು. ಪುಂಡಿ ಸೊಪ್ಪು ಬಂತು, ಹಕ್ಕರಿಕಿಗೆ ಒಂದು ಇಡೀ ಮಡಿ ಬಂತು. ಹಳೆಯ ಅಭ್ಯಾಸದಿಂದ ನಡುವೆ ಎರಡು ಸಾಲು ಜೋಳವೂ ಬಂತು. ಅದು ಬೇಲಿ ಮೀರಿ ಬೆಳೆದು ಮೆಣಸಿನ ಗಿಡಗಳಿಗೆ ಬಿಸಿಲು ಸಿಗದಂತೆ ಮಾಡಿತು. "ಆಸ್ಪತ್ರಿ ಹಿಂದ ಸುಗ್ಗಿ ಯಾವಾಗವ್ವಾ?" ಎಂದು ಅಲ್ಲಾಬಕ್ಷ್ ದಿನವೂ ಕೇಳುತ್ತಿದ್ದ. ಅಮರಮ್ಮ ಜೋಳಕ್ಕೆ ಕೈ ಹಚ್ಚಲಿಲ್ಲ; ಕೊಟ್ಟ ಮಾತಿನಲ್ಲಿ ಅವಳು ಕಟ್ಟುನಿಟ್ಟು. ಅಷ್ಟರಲ್ಲಿ ದೀವಳಿಗೆ ಬಂದು ಹೋಗಿತ್ತು. ಬಾಲಮ್ಮ ಊರಿಗೆ ಹೋಗುವ ಮಾತೆತ್ತಲಿಲ್ಲ, ಹೋಗುವುದಿಲ್ಲವೆಂದೂ ಹೇಳಲಿಲ್ಲ. ಕುರ್ಪಿ ಮಲ್ಲಟದಲ್ಲೇ ಇತ್ತು.

ಸಂಕ್ರಾಂತಿಯ ಹೊತ್ತಿಗೆ ಒಂದು ಮಧ್ಯಾಹ್ನ ಅಮರಮ್ಮ ಡ್ಯೂಟಿ ಮುಗಿಸಿ ಬಂದವಳು, ಬಿಳಿ ಸೀರೆಯಲ್ಲೇ ಹಿತ್ತಲಿಗೆ ಹೋಗಿ ಬದನೆಕಾಯಿ ಕಿತ್ತು ಉಡಿಯಲ್ಲಿ ಹಾಕಿಕೊಂಡಳು. ಅಡುಗೆಮನೆಯ ಹೊಸ್ತಿಲ ಬಳಿ ಮಣೆಯ ಮೇಲೆ ಕೂತಿದ್ದ ಬಾಲಮ್ಮ ಕಾಲು ಅಡ್ಡ ಚಾಚಿದಳು.

"ನಿಲ್ಲು. ಏನ್ ಕಿತ್ತಿ? ಉಡಿ ತೋರ್ಸು."

ಬೇಲಿಯಾಚೆ ಅಲ್ಲಾಬಕ್ಷ್ ನಕ್ಕದ್ದು ಕೇಳಿಸಿತು. ಅಮರಮ್ಮ ಉಡಿ ಬಿಚ್ಚಿ ಹಿಡಿದಳು. ಬಾಲಮ್ಮ ಕೈ ಹಾಕಿ ಒಂದು ಎಳೆಗಾಯಿಯನ್ನು ಎತ್ತಿ ಅವಳ ಮುಖದ ಮುಂದೆ ಆಡಿಸಿದಳು.

"ಇಷ್ಟು ಎಳೀದು ಯಾರರ ಕೀಳ್ತಾರೇನ? ಸೂಜಿ ಚುಚ್ಚಿದಂಗಲ್ಲ ಇದು. ನಾಳಿಂದ ನನ್ನ ಕೇಳಿ ಕೀಳು."

"ಆತ್ರಿ, ಸಾವ್ಕಾರ್ತಿ."

"ಹೋಗು ಒಳಗ." ಬಾಲಮ್ಮ ಕಾಲು ತೆಗೆದಳು. ಮಗಳು ಹೊಸ್ತಿಲು ದಾಟುವಾಗ ಹಿಂದಿನಿಂದ ಕೂಗಿ ಹೇಳಿದಳು: "ಮಲ್ಲಟದ ಕಡಿಯಿಂದ ಯಾರರ ಬರೋರಿದ್ರ ಹೇಳಿ ಕಳಸು, ನನ್ನ ಕುರ್ಪಿ ತರಲಿ. ಈ ಬಾಜೂ ಮನಿ ಸಾಹೇಬಂದು ಬರೇ ಮೊಂಡ ಅದ."