ಮುಂದಿನ ಸೀಟಿನ ಸೂರ್ಯೋದಯ

ಪರರ ವಾಹನ ನಮ್ಮ ಮನೆಯ ಮುಂದೆ ಬಂದು ನಿಂತಾಗ ಅದರ ಹಾರ್ನಿನ ಸದ್ದು ಕೊಂಚ ಕರ್ಕಶವೆನಿಸುವುದನ್ನು ನೀವೂ ಗಮನಿಸಿರಬಹುದು. ಅದೇ ಹಾರ್ನು ನಮ್ಮದಾಗಿದ್ದರೆ ಶಂಖನಾದದಂತೆ ಕೇಳಿಸುತ್ತಿತ್ತೋ ಏನೋ. ನನ್ನ ಬಳಿ ಇದ್ದದ್ದು ಸೈಕಲ್ಲಾದ್ದರಿಂದ ಖಚಿತವಾಗಿ ಹೇಳಲಾರೆ.

ಅರವತ್ತರ ದಶಕದ ಮೊದಲ ವರ್ಷಗಳು. ವಿಜಾಪುರದ ಗಾಂಧಿ ಚೌಕದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ನನ್ನ ಬಾಲ್ಯಮಿತ್ರ ಸಂಗಪ್ಪ ಹಳೆಯ ಜೀಪೊಂದನ್ನು ಕೊಂಡ. ನಾನು ಮುಕ್ತಕಂಠದಿಂದ ಅಭಿನಂದಿಸಿ, ಮನೆಗೆ ಬಂದು, ಊಟ ಬೇಡವೆಂದು ಮಲಗಿದೆ. ಸಾಲೆಯಲ್ಲಿ ಮಕ್ಕಳಿಗೆ ಅರಿಷಡ್ವರ್ಗಗಳನ್ನು ವಿವರಿಸುವಾಗ ಮತ್ಸರವನ್ನು ಕಟ್ಟಕಡೆಗೆ ಹೇಳುತ್ತಿದ್ದೆ. ಅಂದಿನಿಂದ ಅದಕ್ಕೆ ಬಡ್ತಿ ಸಿಕ್ಕಿತು.

ಆ ಚಳಿಗಾಲದಲ್ಲಿ ಸಂಗಪ್ಪ ತಿಕೋಟಾದ ತನ್ನ ಹೊಲಕ್ಕೆ ನಮ್ಮನ್ನು ಸೀತನಿಗೆ ಕರೆದ. ಎಳೆಯ ಜೋಳದ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಡಿದು, ಬಿಸಿ ಕಾಳನ್ನು ಬೆಲ್ಲ, ಶೇಂಗಾ ಚಟ್ನಿಯೊಡನೆ ಮುಕ್ಕುವ ಆ ಸುಖದ ಆಸೆಗೆ ನಾನು ಸ್ವಾಭಿಮಾನವನ್ನು ಮನೆಯಲ್ಲೇ ಬಿಟ್ಟು ಕತ್ತಲಿರುವಾಗಲೇ ಹೊರಟೆ. “ಮುಂದ ಕೂಡ್ರಿ ಮಾಸ್ತರ, ದಾರ್‍ಯಾಗ ಹೊತ್ತು ಹುಟ್ಟೂದು ನೋಡೂಣು” ಎಂದ ಸಂಗಪ್ಪ. ಜೀಪು ನನ್ನದಲ್ಲದಿದ್ದರೂ ಮುಂದಿನ ಸೀಟಾದರೂ ನನ್ನದಾಯಿತಲ್ಲ ಎಂದು ಬೀಗುತ್ತ ಕುಳಿತೆ. ನನ್ನ ಹೆಂಡತಿ ಶಾಂತವ್ವ, ಸಂಗಪ್ಪನ ಹೆಂಡತಿ ಇಬ್ಬರೂ ಹಿಂದೆ ಹತ್ತಿದರು.

ಎದುರಿನ ಆಕಾಶವನ್ನು ನಾನು ಎವೆಯಿಕ್ಕದೆ ನೋಡಿದ್ದೇ ನೋಡಿದ್ದು. ಅಷ್ಟರಲ್ಲಿ ಹಿಂದಿನಿಂದ “ಯವ್ವಾ, ಎಷ್ಟ ಚೆಂದ!” ಎಂಬ ಉದ್ಗಾರ ಕೇಳಿತು. ವಿಜಾಪುರದಿಂದ ತಿಕೋಟಾ ಪಶ್ಚಿಮಕ್ಕಿದೆ; ಸೂರ್ಯ ನಮ್ಮ ಬೆನ್ನ ಹಿಂದೆ ಹುಟ್ಟುತ್ತಿದ್ದ. ಸಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವನೂ ನಾನೇ ಎಂಬುದನ್ನು ದಯವಿಟ್ಟು ಯಾರಿಗೂ ಹೇಳಬೇಡಿ.

ಬಿಗುಮಾನ ಬಿಟ್ಟು ಕತ್ತು ತಿರುಗಿಸಿದೆ. ಸೂರ್ಯ ಕಾಣಲಿಲ್ಲ, ಸೆರಗು ಹೊದ್ದ ಎರಡು ತಲೆಗಳು ಅಡ್ಡವಾಗಿದ್ದವು. ಕ್ಷಣಮಾತ್ರ ಈಚೆ ತಿರುಗಿದ ಶಾಂತವ್ವನ ಕೆನ್ನೆಯ ಮೇಲೆ ಮಾತ್ರ ಆ ಕೆಂಪು ಕಾಣಿಸಿತು. “ಅಣ್ಣಾರ, ಮದುವ್ಯಾಗಿ ಒಂಬತ್ತ ವರ್ಷಾತು, ಹೊತ್ತು ಹುಟ್ಟೂದು ಕಣ್ತುಂಬ ನೋಡಿದ್ದು ಇವತ್ತ” ಎಂದಳು ಆಕೆ ಸಂಗಪ್ಪನಿಗೆ.

“ದಿನಾ ಹುಟ್ಟತೈತಲ್ರೀ ಅಕ್ಕಾರ!”

“ಹುಟ್ಟತೈತ್ರಿ. ಆ ಹೊತ್ತಿಗೆ ನಾ ಒಲಿ ಮುಂದ ಇರ್ತೇನಿ.”

ನನಗೆ ಹೊಟ್ಟೆ ಉರಿದದ್ದು ಆಗ, ನಿಜವಾಗಿ. ಜೀಪು ಅವನದಾಗಿರಲಿ, ಆದರೆ ನನ್ನ ಹೆಂಡತಿಗೆ ಮೊದಲ ಸೂರ್ಯೋದಯ ತೋರಿಸಿದವನೂ ಅವನೇ ಆಗಬೇಕೆ? ಮಾಳಿಗೆಯಿದ್ದ ಮನೆ ನನ್ನದು, ಹನ್ನೆರಡು ಮೆಟ್ಟಿಲು ಹತ್ತಿಸಿದ್ದರೆ ಸಾಕಿತ್ತು. ಅಂದಿನ ಸೀತನಿ ಬಾಯಿಗೆ ಹತ್ತಲಿಲ್ಲ.

ಮರುದಿನ ನಸುಕಿನಲ್ಲೇ ಎದ್ದು, “ನೀ ಮಾಳಗಿ ಹತ್ತು, ಒಲಿ ನಾ ನೋಡ್ಕೋತೇನಿ” ಎಂದೆ. ಆಕೆ ನನ್ನ ಹಣೆ ಮುಟ್ಟಿ, ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡು ಮೇಲೆ ಹೋದಳು. ನಾನು ಊದುಗೊಳವೆ ಹಿಡಿದು ಕುಳಿತೆ. ಬೆಂಕಿಗಿಂತ ಮೊದಲು ಕಣ್ಣೀರು ಬಂತು. ಒಂಬತ್ತು ವರ್ಷದ ಮುಂಜಾವುಗಳನ್ನು ಆಕೆ ಕಳೆದದ್ದು ಈ ಹೊಗೆಯಲ್ಲಿ. ಅಂತೂ ಒಲೆ ಹೊತ್ತಿಸಿ ಹಾಲಿಟ್ಟಿದ್ದೆ, ಅಷ್ಟರಲ್ಲಿ ಮೇಲಿನಿಂದ ಕೂಗು ಬಂತು: “ಲಗೂನ ಬರ್ರಿ! ನಿನ್ನಿಗಿಂತ ಚೆಂದ ಹುಟ್ಟಾಕತ್ತೈತಿ!”

ಹಾಲು ಉಕ್ಕುವುದರಲ್ಲಿತ್ತು, ಏಳುವಂತಿರಲಿಲ್ಲ. ಸಂಗಪ್ಪನ ಜೀಪು ಕಂಡಾಗಲೂ ಆಗದಷ್ಟು ಹೊಟ್ಟೆಕಿಚ್ಚು ನನಗೆ ಆ ಗಳಿಗೆಯಲ್ಲಿ ನನ್ನ ಹೆಂಡತಿಯ ಮೇಲಾಯಿತು.