ಬೆಳೆಗಿಷ್ಟು, ಮೇಲೊಂದು ಕೊಸರು

ನಮ್ಮತ್ತೆ ಯಶೋದಮ್ಮನವರು ಮೂವತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದಾರೆ. ಹುಳುಮನೆಯ ಬಾಗಿಲು ತೆರೆದು ಒಮ್ಮೆ ಉಸಿರೆಳೆದರೆ ಸಾಕು, ಒಳಗೆ ಸೆಕೆ ಹೆಚ್ಚಿದೆಯೋ ತೇವ ಹೆಚ್ಚಿದೆಯೋ ಹೇಳಿಬಿಡುತ್ತಾರೆ. ಮಂಡಿಕಲ್ ಹತ್ತಿರದ ನಮ್ಮೂರಿನಲ್ಲಿ ಅವರು ಹುಳುವಿಗೆ ಸುಣ್ಣದ ಪುಡಿ ಚೆಲ್ಲಿದರೆಂದು ಗೊತ್ತಾದರೆ ಮಿಕ್ಕವರೂ ಡಬ್ಬ ಹುಡುಕುತ್ತಾರೆ.

ಅವರ ಮಗಳು ಹರಿತಾ, ನನ್ನ ನಾದಿನಿ, ಕಂಪ್ಯೂಟರ್ ಓದಿದವಳು. ಅಮ್ಮನ ಮೂಗನ್ನೇ ಮೊಬೈಲಿಗೆ ಇಳಿಸುತ್ತೇನೆಂದು ಹೊರಟು ಒಂದು ಆ್ಯಪ್ ಮಾಡಿದಳು. ಸೊಪ್ಪು ಹಾಕುವ ಹೊತ್ತಿಗೆ ಅದು ಗಂಟೆ ಬಾರಿಸುತ್ತದೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚುವಾಗ, ಏನೇನು ಮಾಡಬೇಕೆಂದು ನೆನಪಿಸುತ್ತದೆ. ಆರು ತಿಂಗಳು ಬಿಟ್ಟಿ ಕೊಟ್ಟಳು. ಇನ್ನೂರು ಮಂದಿ ಹಾಕಿಕೊಂಡರು. ಆಮೇಲೆ ತಿಂಗಳಿಗೆ ತೊಂಬತ್ತೊಂಬತ್ತು ರೂಪಾಯಿ ಎಂದಳು. ಕಟ್ಟಿದವರು ಇಬ್ಬರು. ಒಬ್ಬಳು ನಾನು. ಇನ್ನೊಬ್ಬರು ನನ್ನ ಗಂಡ ತಿರುಮಲೇಶ್, ಅದೂ ನಾನು ಬೈದ ಮೇಲೆ.

ಹರಿತಾಳ ಮುಖ ಸಣ್ಣಗಾಯಿತು. ಆ್ಯಪ್ ನಡೆಯಬೇಕಾದರೆ ಕಂಪನಿಯೊಂದಕ್ಕೆ ಬಾಡಿಗೆ ಕಟ್ಟುತ್ತಿರಬೇಕು. ಯುಗಾದಿಯೊಳಗೆ ನಲವತ್ತು ಮಂದಿ ಸೇರದಿದ್ದರೆ ಅದನ್ನು ಮುಚ್ಚಿ, ಚಿಂತಾಮಣಿಯಲ್ಲಿ ಸೋದರಮಾವ ನೋಡಿಟ್ಟಿದ್ದ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗುತ್ತೇನೆಂದು ಮಾತು ಕೊಟ್ಟಿದ್ದಳು.

"ಬಿಟ್ಟಿ ನೋಡೋರಿಗೆಲ್ಲ ಮಧ್ಯೆ ಮಧ್ಯೆ ಜಾಹೀರಾತು ಬಿಡ್ತೀನಿ ಅತ್ತಿಗೆ. ದುಡ್ಡು ಕಟ್ಟಿದೋರಿಗೆ ಅದು ಬರಲ್ಲ. ಬೇಜಾರಾಗಿ ತಾವೇ ಕಟ್ತಾರೆ ನೋಡ್ತಿರಿ," ಎಂದಳು.

ನಮ್ಮತ್ತೆಗೆ ಬೇಜಾರಾಗಬೇಕಲ್ಲ! ಗಂಟೆ ಬಾರಿಸುತ್ತಿದ್ದಂತೆ ಪರದೆಯ ಮೇಲೆ ಒಬ್ಬ ಹುಡುಗಿ ಸೀರೆ ಉಟ್ಟು ಗಿರಗಿರನೆ ತಿರುಗುತ್ತಿದ್ದಳು. ಅತ್ತೆ ಸೊಪ್ಪಿನ ಪುಟ್ಟಿ ಇಳಿಸಿ, ನನ್ನ ಸೊಂಟದಿಂದ ಒಂಬತ್ತು ತಿಂಗಳ ಬಿಂದುಶ್ರೀಯನ್ನು ಎಳೆದುಕೊಳ್ಳುತ್ತಿದ್ದರು.

"ಬಾರಮ್ಮ ಬಿಂದು, ಬಂದ್ಲು ನಮ್ಮ ಸೀರೆ ಹುಡುಗಿ! ಆ ಅಂಚು ನೋಡೇ, ನಮ್ಮ ಗೂಡಿಂದೇ ಇರ್ಬೇಕು ಕಣೇ!"

ಬಿಂದು ಕೈ ತಟ್ಟುವುದನ್ನು ಕಲಿತದ್ದೇ ಆ ಹುಡುಗಿಯನ್ನು ನೋಡಿ.

ಅಮ್ಮ ಕಟ್ಟಿದರೆ ಊರೂ ಕಟ್ಟುತ್ತದೆ ಎಂದು ಲೆಕ್ಕ ಹಾಕಿದ ಹರಿತಾ, ಒಂದು ಬೆಳಿಗ್ಗೆ ತಾನೇ ದುಡ್ಡು ಹಾಕಿ ಅಮ್ಮನ ಫೋನಿನಲ್ಲಿ ಜಾಹೀರಾತು ನಿಲ್ಲಿಸಿದಳು. ಗಂಟೆ ಬಾರಿಸಿತು. ಅತ್ತೆ ಕಾದರು. ಯಾರೂ ತಿರುಗಲಿಲ್ಲ.

"ಹರಿತಾ! ಎಲ್ಲೇ ನನ್ನ ಸೀರೆ ಹುಡುಗಿ?"

"ನಿಂಗೆ ದುಡ್ಡು ಕಟ್ಟಿದ್ದೀನಮ್ಮ. ಇನ್ಮೇಲೆ ಬರಲ್ಲ."

"ದುಡ್ಡು ಇಸ್ಕೊಂಡು ಇದ್ದಿದ್ದನ್ನೂ ಕಿತ್ಕೊಂಡ್ಯಾ? ಹೂವಿನ ಗಂಗುಲಮ್ಮ ಒಂದು ಮಾರು ಅಳೆದ ಮೇಲೆ ಗೇಣುದ್ದ ಕೊಸರು ಬಿಡ್ತಾಳೆ. ನೀನು ಕತ್ತರಿ ಹಾಕ್ತೀಯಲ್ಲೇ!"

"ಎಲ್ಲಾ ಆ್ಯಪೂ ಹಿಂಗೇ ಅಮ್ಮ!"

"ಎಲ್ಲಾ ಆ್ಯಪೂ ಹುಳ ಸಾಕ್ತಾವಾ? ಇನ್ನೊಂದು ಹೇಳ್ತೀನಿ ಕೇಳು. ತಿಂಗಳಿಗಿಷ್ಟು ಅಂತೀಯಲ್ಲ, ಹುಳ ಏನು ತಿಂಗಳು ನೋಡ್ಕೊಂಡು ಜ್ವರಕ್ಕೆ ಕೂರ್ತಾವಾ? ನಾಲ್ಕನೇ ಜ್ವರದಲ್ಲಿ ನಿನ್ನ ತಿಂಗಳು ಮುಗಿದು ಗಂಟೆ ನಿಂತ್ರೆ ಯಾರನ್ನ ಕೇಳ್ಲಿ? ಬೆಳೆಗಿಷ್ಟು ಅನ್ನು. ಗೂಡು ಮಾರಿದ ದಿನ ಕೇಳು. ಅವತ್ತು ಯಾರೂ ಇಲ್ಲ ಅನ್ನಲ್ಲ."

ನಾನು ಒಳಗೆ ಹೋಗಿ ನನ್ನ ಡೈರಿ ತಿರುವಿದೆ. 'ಬಿಂದು ಹುಟ್ಟಿದ್ದು ಹುಳು ಮೂರನೇ ಜ್ವರದಿಂದ ಎದ್ದ ದಿನ.' 'ಬಿಂದುವಿಗೆ ಮೊದಲ ಹಲ್ಲು, ಗೂಡು ಬಿಡಿಸುತ್ತಿದ್ದಾಗ.' ಮದುವೆಯಾಗಿ ಈ ಮನೆಗೆ ಬಂದ ಮೇಲೆ ನಾನು ತಾರೀಖು ಬರೆದದ್ದೇ ಅಪರೂಪ! ಓಡಿಬಂದು ತೋರಿಸಿದೆ. ಹರಿತಾ ಓದಿ ಓದಿ ನಕ್ಕಳು.

ಅಂದೇ ಎಲ್ಲ ಬದಲಾಯಿಸಿದಳು. ಬೆಳೆಗೆ ನೂರಿಪ್ಪತ್ತು, ಗೂಡು ಮಾರಿದ ಮೇಲೆ ಕಟ್ಟಿದರಾಯಿತು. ಬೆಳೆ ಮುಗಿದು ಹುಳುಮನೆ ತೊಳೆಯುವ ಐದು ದಿನ ಕೊಸರು. ಜಾಹೀರಾತು ಬೇಕೆನ್ನುವವರಿಗೆ ಅದಕ್ಕೊಂದು ಗುಂಡಿ.

ಯುಗಾದಿಗೆ ನಾಲ್ಕು ದಿನವಿರುವಾಗ ನಮ್ಮ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು. ಬಿಂದುವನ್ನು ಎತ್ತಿಕೊಂಡು ನಾನೂ, ಉಗುರು ಕಚ್ಚುತ್ತಾ ಹರಿತಾಳೂ ಜೊತೆಗೆ ಹೋದೆವು. ನಮ್ಮ ಗೂಡು ಹರಾಜಾಗುತ್ತಿದ್ದಂತೆ ಅತ್ತೆ ಸೆರಗು ಸಿಕ್ಕಿಸಿಕೊಂಡು, ಗೂಡು ತಂದಿದ್ದ ಪಕ್ಕದೂರಿನ ಬಯ್ಯಪ್ಪನನ್ನು ಹಿಡಿದರು.

"ಒಳ್ಳೇ ರೇಟು ಬಂತಲ್ಲಪ್ಪ ಬಯ್ಯಪ್ಪ! ನಮ್ಮುಡುಗಿ ಆ್ಯಪಿಗೆ ಕಟ್ಟು ಮತ್ತೆ. ಬೆಳೆಗಿಷ್ಟು, ಮೇಲೆ ಐದು ದಿನ ಕೊಸರು."

"ಐದೇನಕ್ಕ, ಎಂಟು ಮಾಡು."

"ಆರು! ಹೆತ್ತ ಮಗಳಿಗೂ ಇಷ್ಟು ಬಿಟ್ಟಿಲ್ಲ ನಾನು."

"ಆಯ್ತು, ಹಾಕಮ್ಮ!" ಎಂದು ಬಯ್ಯಪ್ಪ ಹರಿತಾಳತ್ತ ತಿರುಗಿದ.

ಹೀಗೇ ಅತ್ತೆ ಒಬ್ಬೊಬ್ಬರನ್ನೇ ಹಿಡಿಯುತ್ತಾ ಹೋದರು; ಬೆಲೆಯ ಬಗ್ಗೆ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಚೌಕಾಸಿಯೆಲ್ಲ ಕೊಸರಿನ ಮೇಲೆಯೇ. ಹರಿತಾ ಖಾಲಿ ಗೂಡಿನ ಚೀಲದ ಮೇಲೆ ಕೂತು ಐದನ್ನು ಆರು ಮಾಡಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಐವತ್ತಮೂರು ಮಂದಿ!

"ಅತ್ತಿಗೆ, ಐವತ್ತಮೂರು!" ಎಂದು ಹರಿತಾ ಅಷ್ಟು ಜನರ ನಡುವೆ ದುಪ್ಪಟ್ಟಾ ಹರಡಿಕೊಂಡು ಗಿರಗಿರನೆ ತಿರುಗಿದಳು. ಬಿಂದು ಕೇಕೆ ಹಾಕಿ ಕೈ ತಟ್ಟಿತು. ಅತ್ತೆ ಮಾತ್ರ ಫೋನಿನಿಂದ ತಲೆ ಎತ್ತಲಿಲ್ಲ. ಹುಳುಮನೆ ತೊಳೆಯಲು ನೆನಪಿಸುವ ಗಂಟೆ ಬಾರಿಸಿತ್ತು, ದುಡ್ಡು ಕಟ್ಟಿಯೂ ಉಳಿಸಿಕೊಂಡಿದ್ದ ಅವರ ಸೀರೆ ಹುಡುಗಿ ಬಂದಿದ್ದಳು.

"ತಡಿಯೇ ಹರಿತಾ," ಎಂದರು, "ಇವತ್ತು ಹಸಿರು ಸೀರೆ ಉಟ್ಟವ್ಳೆ!"