ಆಕೆ ಎಳೆ ಬಿಟ್ಟಿರಲಿಲ್ಲ

ಕಳೆದ ಮಾಘದ ಒಂದು ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ, ಗಜೇಂದ್ರಗಡದ ನಮ್ಮ ಮನೆಯಲ್ಲಿ ಅವ್ವನ ಮಗ್ಗದ ಎಡಕ್ಕೆ, ಕಿಟಕಿಗೆ ಬೆನ್ನು ಮಾಡಿ ನಿಂತಿದ್ದೆ. ಅವ್ವ ನೇಯುತ್ತಿದ್ದಳು; ಪಕ್ಕದ ಮಗ್ಗದಲ್ಲಿ ದೊಡ್ಡಪ್ಪ ಇದ್ದರು. ನನ್ನೊಂದಿಗೆ ಸಂಶೋಧನೆ ಮಾಡುವ ರೋಣದ ಉಪನ್ಯಾಸಕಿ ಲ್ಯಾಪ್‌ಟಾಪನ್ನು ನೂಲಿನ ಪೆಟ್ಟಿಗೆಯ ಮೇಲಿಟ್ಟು ನನ್ನ ಕಡೆ ತಿರುಗಿಸಿದಳು.

ನಾವಿಬ್ಬರೂ ಒಬ್ಬರೇ ಗೈಡ್ ಕೈಕೆಳಗೆ ಒಂದೇ ಲೆಕ್ಕಕ್ಕೆ ಬಿದ್ದವರು. ಹರಳೊಂದರಲ್ಲಿ ಎಲೆಕ್ಟ್ರಾನುಗಳು ಒಂದಕ್ಕೊಂದು ಎಷ್ಟು ಹೆಣೆದುಕೊಂಡಿರುತ್ತವೆಂದರೆ, ಅವುಗಳ ಎಲ್ಲ ಸಾಧ್ಯತೆಗಳನ್ನು ಬರೆದಿಡಲು ಯಾವ ಕಂಪ್ಯೂಟರಿಗೂ ಆಗದು. ಅದಕ್ಕೇ ಅವುಗಳ ತಾಣಗಳನ್ನು ಒಂದು ಸಾಲಿಗೆ ತಂದು, ಆ ಹೆಣಿಗೆಯಲ್ಲಿ ಮುಖ್ಯವಾದಷ್ಟನ್ನೇ ಉಳಿಸಿಕೊಂಡು ಕನಿಷ್ಠ ಶಕ್ತಿ ಹುಡುಕುತ್ತೇವೆ. ಬರುವ ಅಂಕಿ ನಿಜವಾದದ್ದಕ್ಕಿಂತ ಕೆಳಗಿಳಿಯದು; ಯಾರದು ಹೆಚ್ಚು ಕೆಳಗಿದೆಯೋ ಅವರದೇ ಸತ್ಯಕ್ಕೆ ಹತ್ತಿರ. ಎರಡು ವರ್ಷದಿಂದ ನನ್ನದೇ ಕೆಳಗಿತ್ತು.

ಆಕೆಯದು ಈಗ ಅದಕ್ಕೂ ಕೆಳಗಿತ್ತು.

“ಹ್ಯಾಂಗ ಬಂತು?”

“ನಿಮ್ಮ ಅವ್ವಾರ ಕಲಿಸಿದ್ರು ಸರ್. ಸೀರಿ ಒಡಲಿನ ಹಾಸಿನ ಎಳಿಗೆ ಸೆರಗಿನ ಹಾಸಿನ ಎಳಿ ಕೂಡಿಸುವಾಗ ಜೋಡಿ ಎಳಿ ಬಾಜೂಕ ಬಾಜೂಕ ಇಟ್ಕೋತಾರಲ್ರಿ? ದೂರ ಇಟ್ಟರ ಸಿಕ್ಕಾಗ್ತದಂತ. ನಾನೂ ಭಾಳ ನಂಟಿದ್ದ ತಾಣ ಬಾಜೂಕ ತಂದೆ.”

ನಾನು ಆ ಮಗ್ಗದ ಪಕ್ಕದಲ್ಲೇ ಅಂಬೆಗಾಲಿಟ್ಟವನು. ಆಕೆ ಅದನ್ನು ನೋಡಿದ್ದು ಒಂದೇ ಸಲ, ಹಿಂದಿನ ತಿಂಗಳು ಬಂದಾಗ.

ತಾಣದಿಂದ ತಾಣಕ್ಕಿರುವ ಕೊಂಡಿಗಳಲ್ಲಿ ಒಂದನ್ನು ಲೆಕ್ಕಕ್ಕೆ ಹಾಕದೆ ಬಿಟ್ಟರೂ ಅಂಕಿ ಸುಳ್ಳೇ ಕೆಳಗಿಳಿಯಬಹುದು. ಅವುಗಳ ಪಟ್ಟಿಯನ್ನು ಬೆರಳಿಟ್ಟು ಎಣಿಸಿದೆ. ಒಂದೂ ಬಿಟ್ಟಿರಲಿಲ್ಲ. ಆದರೂ ಅಂದೆ: “ಇಷ್ಟು ಕೆಳಗ ಹೋಗೂದಿಲ್ಲ ಮೇಡಂ. ಎಲ್ಲೋ ಒಂದು ಕೊಂಡಿ ಬಿಟ್ಟೀರಿ.”

“ಖರೇನ್ರಿ? ಹಂಗಾದ್ರ ಇದನ್ನ ಅಳಿಸಿಬಿಡ್ತೀನಿ. ಗೈಡ್‌ಗೆ ಹಳೇದನ್ನ ಕಳಿಸಿದ್ರಾತು.” ನಂಬಿ, ಲ್ಯಾಪ್‌ಟಾಪು ಮುಚ್ಚಿ, ಬಸ್‌ ಸ್ಟ್ಯಾಂಡಿಗೆ ನಡೆದಳು.

ಅವ್ವ ತಲೆ ಎತ್ತಲಿಲ್ಲ. “ಆಕಿ ಎಳಿ ಬಿಟ್ಟಿಲ್ಲ. ನೀ ಎಣಿಸಿದ್ದು ನಾ ನೋಡೇನಿ. ಎಣಿಸಿದ ಮ್ಯಾಲ ನಿನ್ನ ಮಾರಿ ಸಣ್ಣದಾತು.”

ದೊಡ್ಡಪ್ಪನ ಲಾಳಿಯೂ ನಿಂತಿತ್ತು.

ಓಡಿದೆ. ರೋಣದ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯ ಸರಳು ಹಿಡಿದು ಹೇಳಿದೆ: “ಅಳಿಸಬ್ಯಾಡ್ರಿ. ಎಲ್ಲಾ ಕೊಂಡಿ ಬರೋಬ್ಬರಿ ಅದಾವ. ನಾ ಎಣಿಸಿದ್ದೆ.”

“ಮತ್ತ್ಯಾಕ ಹಂಗಂದ್ರಿ?”

“ನಿಮಗ ಹೊಳದದ್ದು ನನಗ ಹೊಳೀಲಿಲ್ಲ. ಅದಕ್ಕ.”

ಬಸ್ಸು ತಿರುಗುವಾಗ ಆಕೆ ತೊಡೆಯ ಮೇಲೆ ಲ್ಯಾಪ್‌ಟಾಪು ತೆರೆದದ್ದು ಕಂಡಿತು. ಆ ಅಂಕಿ ಈಗ ಆಕೆಯ ಹೆಸರಿನಲ್ಲಿದೆ. ಅದನ್ನು ನೋಡಿದಾಗ ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ.

ಎಣಿಸಿದ ಮೇಲೂ ನಾನು ಸುಳ್ಳು ಹೇಳಿದ್ದನ್ನು ಅಲ್ಲೇ ಕಂಡುಕೊಂಡವರು ಇಬ್ಬರು. ದೊಡ್ಡಪ್ಪ ಈ ಮಳೆಗಾಲದಲ್ಲಿ ತೀರಿಕೊಂಡರು. ಅವ್ವ ಇದ್ದಾಳೆ.